ಮಾತು ಕೇಳದ ರಾಜಕುಮಾರ

ಪ್ರಶ್ನೆ: ನನಗೆ 43 ವರ್ಷ, ಮಗನಿಗೆ 13. ಬನಶಂಕರಿಯಲ್ಲಿ ವಾಸ. ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಹುಚ್ಚು ಹಿಡಿದಂತೆ ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ವನ್ನು ದಸರಾ ರಜೆಯಲ್ಲಿ ಅವನಿಗೆ ಹಾಕಿಕೊಟ್ಟೆ. ಹತ್ತೇ ನಿಮಿಷಕ್ಕೆ ‘ಅಪ್ಪ, ಇವನು ನನ್ನ ಮಾತೇ ಕೇಳುವುದಿಲ್ಲ’ ಎಂದು ಎದ್ದುಹೋದ. ಅದೇ ಹುಡುಗ ಹಳೆಯ ಆಟಗಳ ಹಾಗೆಯೇ ಕಾಣುವ ‘ಶವಲ್ ನೈಟ್’, ‘ಸೆಲೆಸ್ಟ್’ ಹಿಡಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಹಳೆಯ ಆಟಗಳು ನಿಜಕ್ಕೂ ಚೆನ್ನಾಗಿದ್ದವೇ, ಅಥವಾ ಅದು ನಮ್ಮ ವಯಸ್ಸಿನವರ ಮೋಹವೇ? ಹೊಸಬರು ಹಳೆಯ ವೇಷ ಹಾಕಿ ಆಟ ಮಾರುವುದು ಸೋಮಾರಿತನವಲ್ಲವೇ? ಕಚೇರಿಯ ಗೆಳೆಯರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ.

ಉತ್ತರ: ನಿಮ್ಮ ಮಗನ ದೂರು ನೂರಕ್ಕೆ ನೂರು ಸರಿ. ಆ ರಾಜಕುಮಾರ ಮಾತು ಕೇಳುವುದಿಲ್ಲ. ನಿಮ್ಮ ಮಾತನ್ನೂ ಕೇಳುತ್ತಿರಲಿಲ್ಲ. ನಿಮಗೆ ಅದು ಮರೆತುಹೋಗಿದೆ, ಅಷ್ಟೆ.

ಏಕೆ ಕೇಳುವುದಿಲ್ಲ ಎಂಬಲ್ಲಿಂದಲೇ ಶುರು ಮಾಡುತ್ತೇನೆ. ಜೋರ್ಡನ್ ಮೆಕ್ನರ್ ಈ ಆಟವನ್ನು 1989ರಲ್ಲಿ ಆ್ಯಪಲ್ 2 ಕಂಪ್ಯೂಟರಿಗಾಗಿ ಹೊರತಂದರು. ನಾವು ಲ್ಯಾಬ್‌ಗಳಲ್ಲಿ ಆಡಿದ ಡಾಸ್ (ವಿಂಡೋಸ್‌ಗೆ ಮೊದಲಿನ ವ್ಯವಸ್ಥೆ) ಆವೃತ್ತಿ ಮರುವರ್ಷದ್ದು. ಅವರು ತಮ್ಮ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೊ ತೆಗೆದುಕೊಂಡು, ಅದರ ಒಂದೊಂದು ಚೌಕಟ್ಟನ್ನೂ ಕೈಯಲ್ಲಿ ತಿದ್ದಿ ರಾಜಕುಮಾರನ ನಡಿಗೆಯನ್ನು ರೂಪಿಸಿದರು. ಆ ಕಾಲದ ಬೇರೆ ಆಟಗಳ ಬೊಂಬೆಗಳು ಜಿಗಿಯುತ್ತಿದ್ದರೆ ಈತ ಮೈಭಾರವಿದ್ದ ಮನುಷ್ಯನಂತೆ ಹಾರುತ್ತಿದ್ದ. ಆದರೆ ಭಾರಕ್ಕೆ ಬೆಲೆ ತೆರಬೇಕು. ಅವನು ಬಲಕ್ಕೆ ಓಡುತ್ತಿರುವಾಗ ಎಡಬಾಣದ ಕೀ ಒತ್ತಿ ನೋಡಿ. ಮೊದಲು ಜಾರುತ್ತಾನೆ, ಕಾಲೂರುತ್ತಾನೆ, ಮೈ ತಿರುಗಿಸುತ್ತಾನೆ, ಆಮೇಲಷ್ಟೇ ಓಡುತ್ತಾನೆ. ಇಟ್ಟ ಹೆಜ್ಜೆ ಮುಗಿಯುವ ತನಕ ಮುಂದಿನ ಆಜ್ಞೆ ಕಾಯಬೇಕು. 1985ರ ‘ಸೂಪರ್ ಮಾರಿಯೋ’ದಲ್ಲಿ ಹಾಗಲ್ಲ, ಹಾರಿದ ಮೇಲೂ ಗಾಳಿಯಲ್ಲೇ ಅವನನ್ನು ಹಿಂದೆ ಮುಂದೆ ಎಳೆಯಬಹುದು. ಇದು ಭೌತಶಾಸ್ತ್ರಕ್ಕೆ ವಿರುದ್ಧ, ಬೆರಳಿಗೆ ಹಿತ. ಮಾರಿಯೋ ಇಂದಿಗೂ ಹೊಸದೆನಿಸುವುದಕ್ಕೂ ರಾಜಕುಮಾರ ಹಳಬನೆನಿಸುವುದಕ್ಕೂ ದೊಡ್ಡ ಕಾರಣ ಇದೇ. ಮಾರಿಯೋ ನಾಲ್ಕು ವರ್ಷ ಹಿರಿಯ ಎಂಬುದನ್ನು ಮರೆಯಬೇಡಿ.

ಇನ್ನೊಂದನ್ನು ಗಮನಿಸಿದಿರಾ? ಚಿತ್ರ ಚೆನ್ನಾಗಿಲ್ಲ ಎಂದು ನಿಮ್ಮ ಮಗ ಹೇಳಲಿಲ್ಲ. ನಾನು ಇಪ್ಪತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ಆಟಗಳ ಹಂತಗಳನ್ನು ರಚಿಸುವ, ಪರೀಕ್ಷಿಸುವ ಕೆಲಸದಲ್ಲಿದ್ದೇನೆ; ವಾರಾಂತ್ಯದಲ್ಲಿ ಇದನ್ನೇ ಪಾಠವಾಗಿ ಹೇಳುತ್ತೇನೆ. ಹತ್ತೊಂಬತ್ತು ಇಪ್ಪತ್ತರ ಹುಡುಗ ಹುಡುಗಿಯರ ಮುಂದೆ ಹಳೆಯ ಆಟ ಇಟ್ಟಾಗ ಚುಕ್ಕಿ ಚುಕ್ಕಿ ಚಿತ್ರದ ಬಗ್ಗೆ ಗೊಣಗಿದವರು ತೀರಾ ಕಡಿಮೆ. ಗೊಣಗುವುದು ಮೂರು ವಿಷಯಕ್ಕೆ: ಒತ್ತಿದ ಕೀಗೆ ತಕ್ಷಣ ಓಗೊಡುವುದಿಲ್ಲ, ಸತ್ತರೆ ಮೊದಲಿಂದ ಆಡಬೇಕು, ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಹಳೆಯ ಆಟಗಳ ಬಗ್ಗೆ ಬಗೆಬಗೆಯ ಅಭಿಪ್ರಾಯ ಕೇಳಿಬಂದಾಗ, ಆ ವ್ಯಕ್ತಿ ಈ ಮೂರರಲ್ಲಿ ಯಾವುದರ ಬಗ್ಗೆ ಮಾತನಾಡುತ್ತಿದ್ದಾನೆ ಎಂದು ನೋಡಿ. ಅರ್ಧ ಜಗಳ ಅಲ್ಲೇ ಕರಗುತ್ತದೆ.

ಮೂರನೆಯದು ನಮ್ಮ ಊರಿನ ಮಟ್ಟಿಗೆ ಬಹಳ ಮುಖ್ಯ. ಆ ಲ್ಯಾಬ್ ನೆನಪಿಸಿಕೊಳ್ಳಿ. ಬೂಟು ಹೊರಗೆ ಬಿಟ್ಟು ಕಾಲುಚೀಲದಲ್ಲಿ ಒಳಗೆ ಹೋಗಬೇಕು. ಇಡೀ ಶಾಲೆಯಲ್ಲಿ ಎ.ಸಿ. ಇದ್ದದ್ದು ಅಲ್ಲಿ ಮಾತ್ರ. ಒಂದು ಕಂಪ್ಯೂಟರಿಗೆ ಮೂವರು. ಒಬ್ಬನ ಕೈ ಬಾಣದ ಕೀಗಳ ಮೇಲೆ, ಇನ್ನೊಬ್ಬನ ಬೆರಳು ಶಿಫ್ಟ್ ಮೇಲೆ, ಮೂರನೆಯವನಿಗೆ ಬಾಯಿ ಮಾತ್ರ. ‘ಓಡಬೇಡ, ಅಲ್ಲಿ ಮುಳ್ಳಿದೆ, ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಡು’ ಎಂದು ಕೂಗುತ್ತಿದ್ದವನು ಅವನೇ. ಶಿಫ್ಟ್ ಹಿಡಿದರೆ ಮೆಲ್ಲಗೆ ನಡೆಯಬಹುದು, ಅಂಚಿಗೆ ಜೋತುಬೀಳಬಹುದು ಎಂಬುದು ಆಟದೊಳಗೆ ಎಲ್ಲೂ ಬರೆದಿಲ್ಲ. ಅದು ಡಬ್ಬಿಯ ಜೊತೆ ಬರುತ್ತಿದ್ದ ಕೈಪಿಡಿಯಲ್ಲಿತ್ತು. ನಮ್ಮಲ್ಲಿ ಹೆಚ್ಚಿನವರು ಆಡಿದ್ದು ಫ್ಲಾಪಿಯಿಂದ ಫ್ಲಾಪಿಗೆ ನಕಲಾಗಿ ಬಂದ ಪ್ರತಿ. ಡಬ್ಬಿಯೂ ಇಲ್ಲ, ಕೈಪಿಡಿಯೂ ಇಲ್ಲ. ಮೊದಲ ಹಂತ ಮುಗಿದ ಮೇಲೆ ಅಕ್ಷರಗಳ ಕೆಳಗೆ ಸೀಸೆಗಳನ್ನು ಸಾಲಾಗಿ ಇಟ್ಟ ಒಂದು ಕೋಣೆ ಬರುತ್ತಿತ್ತಲ್ಲ, ಅದು ಒಗಟಲ್ಲ. ಕೈಪಿಡಿಯ ಇಂಥ ಪುಟದ ಇಂಥ ಸಾಲಿನ ಇಂಥ ಪದದ ಮೊದಲ ಅಕ್ಷರ ಯಾವುದೋ ಆ ಸೀಸೆ ಕುಡಿ ಎನ್ನುವ, ಕಳ್ಳಪ್ರತಿ ಹಿಡಿಯುವ ಉಪಾಯ. ಕೈಪಿಡಿ ಇಲ್ಲದ ನಮಗೆ ಅದು ದೇವರ ಪರೀಕ್ಷೆಯಂತಿತ್ತು.

ಹಾಗಾಗಿ ನಮಗೆ ಕೈಪಿಡಿ ಎಂದರೆ ಮೇಲಿನ ತರಗತಿಯ ಅಣ್ಣ. ಡಾಸ್‌ನ ಕಪ್ಪು ಪರದೆಯಲ್ಲಿ ‘ಪ್ರಿನ್ಸ್’ ಎಂದು ಟೈಪ್ ಮಾಡಿ, ಒಂದು ಜಾಗ ಬಿಟ್ಟು ‘ಮೆಗಾಹಿಟ್’ ಎಂದು ಸೇರಿಸಿದರೆ ಹಂತಗಳನ್ನು ಹಾರಿಹೋಗಬಹುದು ಎಂಬ ಗುಟ್ಟು ಊರಿಂದೂರಿಗೆ, ಶಾಲೆಯಿಂದ ಶಾಲೆಗೆ ಹರಡಿದ್ದು ಅಂಥ ಅಣ್ಣಂದಿರಿಂದಲೇ. ‘ಕಾಂಟ್ರಾ’ದಲ್ಲಿ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಒತ್ತಿ, ಆಮೇಲೆ ಬಿ, ಎ ಒತ್ತಿದರೆ ಮೂರರ ಬದಲು 30 ಜೀವ ಸಿಗುವುದನ್ನು ನನಗೆ ಹೇಳಿಕೊಟ್ಟವರು ರಾಜಾಜಿನಗರದ ನಮ್ಮ ಹಳೆಯ ಮನೆಯ ಮಹಡಿಯ ಮೇಲಿದ್ದ ಬಾಡಿಗೆದಾರರ ಮಗಳು. ಆಕೆಯ ಹೆಸರು ಮರೆತಿದೆ; ಬೆರಳುಗಳ ಲಯ ಮರೆತಿಲ್ಲ.

ನೀವು ಮಗನಿಗೆ ಕೊಟ್ಟದ್ದು ಆಟವನ್ನು ಮಾತ್ರ. ಪಕ್ಕದ ಇಬ್ಬರನ್ನು ಕೊಡಲಿಲ್ಲ.

ಈಗ ಮೋಹದ ಪ್ರಶ್ನೆ. ದೂರದ ಬೆಟ್ಟ ನುಣ್ಣಗೆ ಎನ್ನುವುದು ಇಲ್ಲಿಯೂ ನಿಜ. ಟಿ.ವಿ.ಗೆ ಚುಚ್ಚಿ ಆಡುತ್ತಿದ್ದ ವಿಡಿಯೊ ಗೇಮ್‌ಗಳಿಗೆ ‘9999 ಇನ್ 1’ ಎಂದು ಬರೆದ ಕ್ಯಾಸೆಟ್ ಬರುತ್ತಿತ್ತು. ಒಳಗೆ ಇದ್ದದ್ದು ಬೆರಳೆಣಿಕೆಯ ಆಟಗಳು. ಅವೇ ಹೆಸರು ಬದಲಿಸಿಕೊಂಡು, ಇಲ್ಲವೇ ಎರಡನೆಯ ಮೂರನೆಯ ಹಂತದಿಂದ ಶುರುವಾಗಿ, ಪಟ್ಟಿಯ ತುಂಬ ಕೂತಿರುತ್ತಿದ್ದವು. (ಕ್ಯಾಸೆಟ್ ತೆಗೆದು ಊದಿ ಹಾಕಿದರೆ ಸರಿಯಾಗುತ್ತಿತ್ತು ಎನ್ನುವವರಿಗೆ: ಕೆಲಸ ಮಾಡುತ್ತಿದ್ದದ್ದು ತೆಗೆದು ಮತ್ತೆ ಕೂರಿಸಿದ್ದು, ಉಸಿರಲ್ಲ. ಎಂಜಲಿನ ತೇವದಿಂದ ತಗಡಿಗೆ ಕಿಲುಬೇ ಹೆಚ್ಚು.) ಆ ಕಾಲದ ಕಸವನ್ನೆಲ್ಲ ಕಾಲವೇ ಗುಡಿಸಿ ಹಾಕಿದೆ, ಉಳಿದ ಹತ್ತಿಪ್ಪತ್ತನ್ನು ಹಿಡಿದುಕೊಂಡು ಆ ಕಾಲವೇ ಚೆನ್ನಾಗಿತ್ತು ಎನ್ನುತ್ತೇವೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿದಾಗ, 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದೇ ಇಲ್ಲ ಎಂದು ತಿಳಿಯಿತು. ಸಿಗದವುಗಳಲ್ಲಿ ಒಳ್ಳೆಯವೂ ಇವೆ, ಅದು ನಷ್ಟವೇ. ಆದರೆ ನಮ್ಮ ತೀರ್ಪು ನಿಂತಿರುವುದು ಬಹಳ ಸಣ್ಣ ಗುಡ್ಡೆಯ ಮೇಲೆ.

ಹಾಗೆಂದು ಎಲ್ಲವನ್ನೂ ಮೋಹವೆಂದು ತಳ್ಳಿಹಾಕುವವರ ಜೊತೆಗೂ ನಾನಿಲ್ಲ. 1993ರ ಗುಂಡು ಹಾರಿಸುವ ಆಟ ‘ಡೂಮ್’ ಹಾಕಿಕೊಡಿ. ನಿಮ್ಮ ಮಗ ಎದ್ದುಹೋಗಲಾರ. ಒತ್ತಿದ ಕ್ಷಣಕ್ಕೆ ಓಗೊಡುತ್ತದೆ, ಎಲ್ಲಿ ಬೇಕಾದರೂ ಉಳಿಸಿಕೊಳ್ಳಬಹುದು. 1997ರಲ್ಲಿ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಹಿರಂಗಪಡಿಸಿದ ಮೇಲೆ ಅದಕ್ಕೆ ಹೊಸ ಹಂತಗಳನ್ನು ಕಟ್ಟುವವರು ಇಂದಿಗೂ ನಿಂತಿಲ್ಲ. ರಾಜಕುಮಾರನಲ್ಲಿಯೂ ಮುಪ್ಪಾಗದ ಭಾಗ ಇದೆ. ಮೆಕ್ನರ್ ಆಟ ಕಟ್ಟುತ್ತಿದ್ದಾಗ ಆ ಕಂಪ್ಯೂಟರಿನ ಮೆಮೊರಿ ತುಂಬಿಹೋಗಿತ್ತು. ಎದುರಾಳಿಯೊಬ್ಬನನ್ನು ಹೊಸದಾಗಿ ಬರೆಯಲು ಜಾಗವಿರಲಿಲ್ಲ. ಆಗ ನಾಯಕನ ಚಿತ್ರವನ್ನೇ ತುಸು ಸರಿಸಿ ಅದರ ಮೇಲೆ ಅದನ್ನೇ ಹಾಯಿಸಿದರು. ನೆರಳಿನಂಥ ಮಿನುಗುವ ಒಂದು ಆಕೃತಿ ಹುಟ್ಟಿತು. ನಾಲ್ಕನೆಯ ಹಂತದಲ್ಲಿ ಕನ್ನಡಿಯನ್ನು ಸೀಳಿಕೊಂಡು ಹಾರಿದಾಗ ನಿಮ್ಮಿಂದಲೇ ಕಳಚಿ ಹೋಗುತ್ತಾನಲ್ಲ, ಆ ನೆರಳಿನವನು. ಅವನನ್ನು ಹೊಡೆದರೆ ಪೆಟ್ಟು ನಿಮಗೇ ಬೀಳುತ್ತದೆ. ಕೈ ಕಟ್ಟಿದಾಗ ಹೊಳೆಯುವ ಉಪಾಯ ಎಂದರೆ ಇದು. ಜಾಗ ಧಾರಾಳವಾಗಿದ್ದಿದ್ದರೆ ಅಲ್ಲಿ ಇನ್ನೊಬ್ಬ ಕಾವಲುಗಾರ ಬಂದು ನಿಲ್ಲುತ್ತಿದ್ದ, ಅಷ್ಟೇ.

ಹೊಸಬರ ಹಳೆಯ ವೇಷದ ವಿಷಯಕ್ಕೆ ಬರೋಣ. 2014ರ ‘ಶವಲ್ ನೈಟ್’ ಎಂಬತ್ತರ ದಶಕದ ನಿಂಟೆಂಡೊ ಯಂತ್ರದ ಆಟದಂತೆ ಕಾಣುತ್ತದೆ. ಕಾಣುತ್ತದೆ ಅಷ್ಟೆ. ಆ ಯಂತ್ರದ ಪರದೆ 256 ಚುಕ್ಕಿ ಅಗಲ. ಶವಲ್ ನೈಟ್‌ನದು 400. ಆ ಯಂತ್ರ ಅಡ್ಡಸಾಲೊಂದರಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲಾರದು, ಹೆಚ್ಚಾದರೆ ಬೊಂಬೆಗಳು ಮಿಣಮಿಣ ಎನ್ನುತ್ತಿದ್ದವು. ಇದರಲ್ಲಿ ಆ ಮಿಣುಕು ಇಲ್ಲ. ಹಳೆಯ ವರ್ಣಪಟ್ಟಿಯಲ್ಲಿ ಇರದ ಕೆಲವು ಬಣ್ಣಗಳನ್ನೂ ಸೇರಿಸಿಕೊಂಡಿದ್ದಾರೆ. ಅದನ್ನು ಕಟ್ಟಿದವರೇ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರು ನಕಲು ಮಾಡಿದ್ದು ಯಂತ್ರವನ್ನಲ್ಲ, ಅದರ ನೆನಪನ್ನು. ನೆನಪಿನಲ್ಲಿ ಮಿಣುಕು ಉಳಿದಿರುವುದಿಲ್ಲ.

‘ಸೆಲೆಸ್ಟ್’ ಇನ್ನೂ ಜಾಣ. 2018ರ ಈ ಆಟ ನೋಡಲು ಕಠಿಣ, ಆಡಲೂ ಕಠಿಣ. ಆದರೆ ಒಳಗೊಳಗೇ ದಯೆ. ನಿಮ್ಮ ಮಗನ ಪಕ್ಕ ಕುಳಿತು ಕಣ್ಣಿಟ್ಟು ನೋಡಿ: ಆಟದ ನಾಯಕಿ ಬಂಡೆಯ ಅಂಚು ದಾಟಿ ಗಾಳಿಗೆ ಕಾಲಿಟ್ಟಿರುತ್ತಾಳೆ, ಅವನು ತುಸು ತಡವಾಗಿ ಹಾರುವ ಗುಂಡಿ ಒತ್ತುತ್ತಾನೆ, ಆದರೂ ಅವಳು ಹಾರುತ್ತಾಳೆ. ನೆಲ ಮುಟ್ಟುವ ಮೊದಲೇ ಅವಸರದಿಂದ ಒತ್ತಿದ್ದರೆ ಆ ಒತ್ತನ್ನು ಆಟ ನೆನಪಿಟ್ಟುಕೊಂಡು, ಕಾಲು ತಾಗಿದ ಕೂಡಲೇ ಹಾರಿಸುತ್ತದೆ. ಮೇಲಿನ ಮೂಲೆಗೆ ತಲೆ ತಗಲುವಂತಿದ್ದರೆ ಪಕ್ಕಕ್ಕೆ ಕೊಂಚ ಸರಿಸಿ ದಾಟಿಸುತ್ತದೆ. ಸತ್ತರೆ ಕಣ್ಣು ಮಿಟುಕಿಸುವುದರೊಳಗೆ ಅದೇ ಪರದೆಯಲ್ಲಿ ಮತ್ತೆ ನಿಂತಿರುತ್ತಾಳೆ. ಇಷ್ಟೂ ಸಾಲದಿದ್ದರೆ ವೇಗ ಇಳಿಸಿಕೊಳ್ಳುವ ಸಹಾಯದ ವ್ಯವಸ್ಥೆಯೂ ಇದೆ. ‘ನಾನೇ ಸಾಧಿಸಿದೆ’ ಎಂದು ಅವನಿಗೆ ಅನಿಸುತ್ತದೆ, ಸುಳ್ಳೂ ಅಲ್ಲ. ಆದರೆ ನಮ್ಮ ಲ್ಯಾಬ್‌ನ ಮೂರನೆಯ ಹುಡುಗನನ್ನು ಅವರು ಆಟದ ಒಳಗೇ ಕೂರಿಸಿದ್ದಾರೆ. ಅವನು ಕೂಗುವುದಿಲ್ಲ, ಕೈ ಹಿಡಿಯುತ್ತಾನೆ. ನಿಮ್ಮ ಮಗ ಸೆಲೆಸ್ಟ್ ಆಡುವಾಗ ಒಂಟಿ ಅಲ್ಲ, ಪ್ರಿನ್ಸ್ ಆಡುವಾಗ ಒಂಟಿಯಾಗಿದ್ದ.

ಸೋಮಾರಿತನದ ಆರೋಪ ಕೆಲವರ ಮಟ್ಟಿಗೆ ನಿಜ. ಚುಕ್ಕಿಚಿತ್ರ ಅಗ್ಗ ಎಂದುಕೊಂಡು ಇಳಿದವರು ಬೇಕಾದಷ್ಟಿದ್ದಾರೆ, ಅವರ ಆಟಗಳನ್ನು ಪರೀಕ್ಷಿಸಿ ನನ್ನ ಕಣ್ಣು ನೊಂದಿದೆ. ಗುರುತಿಸುವುದು ಸುಲಭ: ಒಂದೇ ಪರದೆಯಲ್ಲಿ ದಪ್ಪ ಚುಕ್ಕಿಯ ನಾಯಕ, ಸಣ್ಣ ಚುಕ್ಕಿಯ ಮರ, ನುಣುಪಾದ ಅಕ್ಷರ, ಕತ್ತಿ ಬೀಸಿದರೆ ಚುಕ್ಕಿಗಳೇ ಓರೆಯಾಗಿ ತಿರುಗುತ್ತವೆ. ಧಾರವಾಡದ ಕಸೂತಿ ಹಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಬಟ್ಟೆಯ ಎಳೆ ಎಣಿಸಿ ಹಾಕುವ ಹೊಲಿಗೆಯಲ್ಲಿ ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಹದಿನಾರು ಚುಕ್ಕಿ ಅಗಲದ ಮುಖದಲ್ಲಿಯೂ ಹಾಗೆಯೇ. ಹುಬ್ಬಿನ ಒಂದು ಚುಕ್ಕಿ ಕೆಳಗಿಳಿದರೆ ನಗುವವನು ಸಿಟ್ಟಾಗುತ್ತಾನೆ. ಎರಿಕ್ ಬರೋನ್ ಒಬ್ಬರೇ ಕುಳಿತು ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಮಾಡಿ 2016ರಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ತರಲು ನಾಲ್ಕು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದನ್ನು ಸೋಮಾರಿತನ ಎನ್ನುವವರು ಒಂದು ಮರ ಬರೆದು ತೋರಿಸಲಿ.

ಚಿತ್ರದ ಮಾತು ಬಂದದ್ದರಿಂದ ಒಂದು ಪ್ರಸಂಗ. ಎರಡು ವರ್ಷದ ಹಿಂದೆ ಎಸ್.ಪಿ. ರಸ್ತೆಯ ಹಿಂಬದಿಯ ಗುಜರಿಯಲ್ಲಿ ಪಿಕ್ಚರ್ ಟ್ಯೂಬಿನ ಒಂದು ಹಳೆಯ ಟಿ.ವಿ. ಕೊಂಡೆ. ಬೆಲೆ ಆರುನೂರು, ಮನೆಗೆ ತರಲು ಆಟೋದವರು ಕೇಳಿದ್ದು ನಾನೂರು. ‘ಇದನ್ನು ಯಾರಿಗೆ ಸಾರ್?’ ಎಂದು ಕೇಳಿದವರಿಗೆ ಸರಿಯಾದ ಉತ್ತರ ಹೇಳಲಾಗಲಿಲ್ಲ. ತರಗತಿಯಲ್ಲಿಟ್ಟು 1991ರ ‘ಸೋನಿಕ್’ ಹಾಕಿದೆ. ಮೊದಲು ಇಂದಿನ ಚಪ್ಪಟೆ ಪರದೆಯಲ್ಲಿ: ಜಲಪಾತದ ಜಾಗದಲ್ಲಿ ನಿಲುವುಗೆರೆಗಳ ಸಾಲು, ಬಿದಿರಿನ ಪರದೆ ಕಟ್ಟಿದ ಹಾಗೆ. ಆಮೇಲೆ ಹಳದಿ ಪಿನ್ನಿನ ವೈರಿನಿಂದ ಹಳೆಯ ಟಿ.ವಿ.ಗೆ: ಗೆರೆಗಳು ಒಂದರೊಳಗೊಂದು ಕಲೆತು ನೀರಾಯಿತು, ಹಿಂದಿನ ಬಂಡೆ ನೀರಿನೊಳಗಿಂದ ಕಾಣಿಸಿತು. ಸೋನಿಕ್ ಓಡುತ್ತಿದ್ದ ಆಟದ ಯಂತ್ರಕ್ಕೆ ಪಾರದರ್ಶಕ ಬಣ್ಣ ಬಳಿಯಲು ಬರುತ್ತಿರಲಿಲ್ಲ. ವೈರಿನ ಕಳಪೆತನವನ್ನು ಲೆಕ್ಕಕ್ಕಿಟ್ಟುಕೊಂಡೇ ಆಟ ಕಟ್ಟಿದವರು ಚಿತ್ರ ಬರೆದಿದ್ದರು. ‘ಹಳೆಯ ಆಟಗಳು ಇದಕ್ಕಿಂತ ಚೆನ್ನಾಗಿ ಕಾಣುತ್ತಿದ್ದವು’ ಎಂದು ನಿಮ್ಮ ಗೆಳೆಯರು ಯಾರಾದರೂ ಹೇಳಿದ್ದರೆ ಅದು ಮೋಹವಲ್ಲ. ನಿಜವಾಗಿಯೂ ಹಾಗೆ ಕಾಣುತ್ತಿದ್ದವು.

ನೆನಪು ಇನ್ನೊಂದು ಕಡೆ ಮೋಸ ಮಾಡುತ್ತದೆ. ನಮ್ಮ ದೇಶದ ಆಗಿನ ಟಿ.ವಿ. ಪದ್ಧತಿ ಪಾಲ್, ಪರದೆಯ ಚಿತ್ರ ಸೆಕೆಂಡಿಗೆ 50 ಸಲ ಬದಲಾಗುತ್ತಿತ್ತು. ಜಪಾನ್, ಅಮೆರಿಕದಲ್ಲಿ 60. ಅಲ್ಲಿನ ಲಯಕ್ಕೆ ಬರೆದ ಆಟವನ್ನು ಪಾಲ್ ಯಂತ್ರದಲ್ಲಿ ತಿದ್ದದೆ ಓಡಿಸಿದರೆ ಆರರಲ್ಲಿ ಒಂದು ಪಾಲು ನಿಧಾನ. ನಮ್ಮ ಬಾಲ್ಯದಲ್ಲಿ ಮಾರಿಯೋ ಸಲೀಸಾಗಿ ದಾಟಿದ್ದವರು ಈಗ ಪದೇ ಪದೇ ಹಳ್ಳಕ್ಕೆ ಬೀಳುತ್ತಿದ್ದರೆ ವಯಸ್ಸನ್ನು ಮಾತ್ರ ಬೈಯಬೇಡಿ.

ಹಳೆಯ ಆಟಕ್ಕೆ ಹೊಸ ಬಣ್ಣ ಬಳಿದು ಮಾರುವ ಮೂರನೆಯ ದಾರಿಯೂ ಇದೆ. ಅಲ್ಲಿ ನನ್ನ ತಾಳ್ಮೆ ಕಡಿಮೆ. 2021ರ ನವೆಂಬರ್‌ನಲ್ಲಿ ‘ಜಿ.ಟಿ.ಎ.’ (ಗ್ರ್ಯಾಂಡ್ ಥೆಫ್ಟ್ ಆಟೊ) ಸರಣಿಯ ಮೂರು ಹಳೆಯ ಆಟಗಳು ಹೀಗೆ ಬಂದವು. ಆಟಗಾರರ ಸಿಟ್ಟಿಗೆ ಕಂಪನಿ ಕ್ಷಮೆ ಕೇಳಬೇಕಾಯಿತು. ತಪ್ಪುಗಳು ಹಲವು, ನನಗೆ ಪಾಠವೆನಿಸಿದ್ದು ಒಂದು. ಆ ಮೂರರಲ್ಲೊಂದಾದ ‘ಸ್ಯಾನ್ ಆಂಡ್ರಿಯಾಸ್’ನ ಹಳೆಯ ರೂಪದಲ್ಲಿ ದೂರಕ್ಕೆ ಮಂಜು ಕವಿದಿರುತ್ತಿತ್ತು. ಯಂತ್ರಕ್ಕೆ ಅಷ್ಟು ದೂರ ಚಿತ್ರಿಸುವ ಶಕ್ತಿ ಇರಲಿಲ್ಲವಾದ್ದರಿಂದ ಹಾಕಿದ ಮಂಜು ಅದು. ಹೊಸದರಲ್ಲಿ ಮಂಜು ತೆಗೆದರು. ಎತ್ತರದಲ್ಲಿ ನಿಂತರೆ ರಾಜ್ಯದಷ್ಟು ದೊಡ್ಡದೆಂದು ನಂಬಿದ್ದ ಜಗತ್ತು ಅಂಗೈ ಅಗಲ ಕಾಣಿಸಿತು. ಅದೇ ವರ್ಷದ ‘ಡಯಾಬ್ಲೊ 2’ರ ಮರುಹುಟ್ಟು ಇದಕ್ಕೆ ಎದುರು ಉದಾಹರಣೆ: ಒಳಗೆ ಹಳೆಯ ಆಟವೇ ಓಡುತ್ತದೆ, ಹೊಸ ಚಿತ್ರ ಮೇಲಿನ ಹೊದಿಕೆ, ಒಂದು ಕೀ ಒತ್ತಿದರೆ ಹೊದಿಕೆ ಸರಿದು ಹಳೆಯದು ಕಾಣುತ್ತದೆ. ಒತ್ತಿದವರಲ್ಲಿ ಹಲವರು ಬೆಚ್ಚಿಬಿದ್ದರು, ನೆನಪಿನಲ್ಲಿದ್ದದ್ದು ಹೊಸ ಚಿತ್ರದ ಹಾಗೆಯೇ ಇತ್ತಲ್ಲ ಎಂದು.

‘ಈಗಿನ ಮಕ್ಕಳಿಗೆ ಕಷ್ಟದ ಆಟ ಬೇಡ’ ಎನ್ನುವ ಗೆಳೆಯರಿಗೆ ಒಂದೇ ಮಾತು. ಹಳೆಯ ಕಾಠಿಣ್ಯದ ಬಹುಪಾಲು ಹುಟ್ಟಿದ್ದು ನಾಣ್ಯ ಹಾಕುವ ಪಾರ್ಲರ್‌ಗಳಲ್ಲಿ. ಮೆಜೆಸ್ಟಿಕ್‌ನ ಅಂಥದೊಂದು ಕಡೆ ಬಸ್ಸಿಗೆಂದು ಇಟ್ಟ ಕಾಸನ್ನು ಟೋಕನ್‌ಗೆ ಕೊಟ್ಟು ರಾಜಾಜಿನಗರಕ್ಕೆ ನಡೆದು ಹೋದವನು ನಾನು. ಬೇಗ ಸಾಯಿಸಿದರಷ್ಟೇ ಮುಂದಿನ ಟೋಕನ್ ಖರ್ಚಾಗುವುದು. ಇಂದು ಮೊಬೈಲ್ ಆಟಗಳು ಜೀವ ಮುಗಿಸಿ ಜಾಹೀರಾತು ತೋರಿಸುವುದಕ್ಕೂ ಅದಕ್ಕೂ ಕರುಳ ಸಂಬಂಧವಿದೆ. ಅದರಲ್ಲಿ ಹೆಮ್ಮೆ ಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಇನ್ನು ನಿಮ್ಮ ಮನೆಯ ಮಾತು. ಮಗನಿಗೆ ಪ್ರಿನ್ಸ್ ಅನ್ನು ಮತ್ತೊಮ್ಮೆ ಹಾಕಿಕೊಡಿ. ಅದನ್ನು ಇಂದಿನ ಕಂಪ್ಯೂಟರುಗಳಿಗೆ ಹೊಂದಿಸಿದ ‘ಎಸ್‌ಡಿಎಲ್‌ಪಾಪ್’ ಎಂಬ ರೂಪವಿದೆ. ಅದರಲ್ಲಿ ಎಫ್6 ಒತ್ತಿದರೆ ಆ ಕ್ಷಣ ಉಳಿಯುತ್ತದೆ, ಎಫ್9 ಒತ್ತಿದರೆ ಅಲ್ಲಿಗೇ ಮರಳಬಹುದು. ಇದರಿಂದ ಆಟದ ಮಾನ ಹೋಗುತ್ತದೆ ಎನ್ನುವ ಶುದ್ಧವಾದಿಗಳನ್ನು ನಿರ್ಲಕ್ಷಿಸಿ. ನಾವು ಮೆಗಾಹಿಟ್ ಹಾಕಿ ಆಡಿದವರು. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ, ಆದರೆ ಕೀಬೋರ್ಡ್ ಮುಟ್ಟಬೇಡಿ. ಬೇಕಾದರೆ ಶಿಫ್ಟ್ ಮೇಲೆ ನಿಮ್ಮ ಒಂದು ಬೆರಳಿರಲಿ. ಹಾರುವ ಮೊದಲು ಒಂದು ಹೆಜ್ಜೆ ಹಿಂದೆ ಸರಿಯಲು ಹೇಳಿ, ಅಲುಗಾಡುವ ಕಲ್ಲು ಯಾವುದೆಂದು ಕಿವಿಗೊಟ್ಟು ಕೇಳಲು ಹೇಳಿ. ರಾಜಕುಮಾರಿಯನ್ನು ಬಿಡಿಸಲು ಆಟ ಕೊಡುವ ಅರವತ್ತು ನಿಮಿಷದ ಗಡುವನ್ನು ಮೊದಲ ವಾರ ಮರೆತುಬಿಡಿ.

ಎಂಟನೆಯ ಹಂತದ ಕೊನೆಯಲ್ಲಿ ಮಾತ್ರ ಬಾಯಿ ಬಿಡಬೇಡಿ. ಅಲ್ಲಿ ಕಂಬಿಬಾಗಿಲು ಮುಚ್ಚಿಕೊಂಡು ರಾಜಕುಮಾರ ಸಿಕ್ಕಿಹಾಕಿಕೊಳ್ಳುತ್ತಾನೆ. ಎತ್ತ ಹೋದರೂ ಗೋಡೆ. ಮಗ ನಿಮ್ಮತ್ತ ತಿರುಗಿ ನೋಡುತ್ತಾನೆ. ‘ಸ್ವಲ್ಪ ಹೊತ್ತು ಏನೂ ಒತ್ತಬೇಡ’ ಎನ್ನಿ, ಸಾಕು. ಆಚೆ ಕಡೆಯಿಂದ ರಾಜಕುಮಾರಿ ಸಾಕಿದ ಬಿಳಿ ಇಲಿ ಬಂದು, ಬಾಗಿಲು ತೆರೆಯುವ ನೆಲದ ಗುಂಡಿಯನ್ನು ಮೆಟ್ಟುತ್ತದೆ. ಮೆಗಾಹಿಟ್ ಹಿಡಿದು ಹಂತ ಹಾರಿದ್ದರೆ ನೀವೂ ಅದನ್ನು ನೋಡಿರಲಿಕ್ಕಿಲ್ಲ.